ಬಲಿ ಇಲ್ಲದ ಊರು

ಏಪ್ರಿಲ್ ಬಂತಂದ್ರ ನಮ್ಮ ಕಲಬುರಗ್ಯಾಗ
ಸರ್ಕಾರಿ ಆಫೀಸು ಎಂಟಕ್ಕ ತೆರದು ಒಂದೂವರಿಗೆ ಮುಚ್ಚತಾವ.
ಗಾಡಿ ಶೆಡ್ಡಿಗೆ ಬಿಟ್ಟು, ಬಲಿ ಮಡಚಿ,
ಪಾಲಿಕಿ ರಜಿಸ್ಟರಿನ್ಯಾಗ ಬರೀತೀನಿ:
ಹಿಡದದ್ದು ಹದಿನಾಲ್ಕು. ಗಂಡು ಎಂಟು, ಹೆಣ್ಣು ಆರು.
ಕಿವಿ ಕತ್ತರಿಸಿದ ಖಾನಿ ಡಾಕ್ಟರ್ ತುಂಬತಾರ.

ಮನಿಗೆ ಬಂದು, ಬನಿಯನ್ ಮ್ಯಾಲ ಕೂಲರ್ ಮುಂದ ಕುಂತು
ನಾನೇ ನಾಯಿ ಆಗ್ತೀನಿ.

ಆಟದ ಡಬ್ಬಿ ಮುಸ್ಲಿಂ ಚೌಕದ ಹಳೇ ಸಾಮಾನಿನ ಅಂಗಡೀದು.
ನಮ್ಮ ಡ್ರೈವರ್ ಮೈನೋದ್ದೀನ ಕೊಡಿಸಿದ್ದು, ಎರಡು ಸಾವಿರಕ್ಕ.
ಒಂದು ಗುಂಡಿ ಒತ್ತಿದ್ರ ಮ್ಯಾಲೇ ಏಳೂದಿಲ್ಲ.
ಭಾಷಾ ಯಾವ ದೇಶದ್ದೋ, ಒಂದಕ್ಷರ ತಿಳಿಯೂದಿಲ್ಲ.
ಊರು ಅದ. ಸಿಗ್ನಲ್ ಅವ, ಬ್ಯಾಂಕ್ ಅವ, ಹಳಿ ಮ್ಯಾಲ ನಿಂತ ರೈಲದ.
ಮನುಷ್ಯಾ ಒಬ್ಬನೂ ಇಲ್ಲ.
ಜಿಂಕಿ ಎಸ್ಕಲೇಟರ್ ಹತ್ತತದ.
ಕೌಂಟರಿನ ಹಿಂದ ಕತ್ತೆಕಿರುಬ ಮಲಗ್ಯದ,
ಸಾಲ ಕೇಳಲಕ್ಕ ಬಂದಾವನಂಗ ನಾ ಹೊರಗ ನಿಂದರ್ತೀನಿ.
ಒಂದು ಕೋಳಿಮರಿ ಸಿಂಹಕ್ಕ ಒದ್ದು ಕೊಲ್ತು, ಖರೇನ!
ಬಿದ್ದು ಬಿದ್ದು ನಕ್ಕೆ.
"ಹುಚ್ಚು ಹಿಡದದೇನು" ಅಂದ್ಳು ಜಗದೇವಿ, ಅಡಗಿಮನಿಯಿಂದ.

ನನ್ನ ನಾಯಿ ಸಣ್ಣದು. ಬೆಳ್ಳಗ, ಹತ್ತಿ ಉಂಡಿಯಂಥಾದು,
ಸೋಫಾದ ಮ್ಯಾಲ ಬಿಸ್ಕೀಟು ತಿನ್ನೂ ಜಾತೀದು.
ತಲಿ ಮ್ಯಾಲ ಒಂದು ಕೆಂಪು ಪಟ್ಟಿ. ಅದು ಹಸಿವು.
ಕರಗಲತ್ತದ, ಕರಗಲತ್ತದ,
ಇಲಿ ಸಿಕ್ಕರ ಒಂದು ಬೆರಳು ಬೆಳೀತದ.
ಕಂಬ ಕಂಬಕ್ಕ ಕಾಲೆತ್ತಿ ಓಣಿ ನಂದು ಮಾಡಕೋಬೇಕು.
ಬಕ್ಷೀಸು ಏನಂದ್ರ, ಟೊಪಗಿ. ನಾಯಿಗೆ ಟೊಪಗಿ!
ಹಾಕ್ಕೊಂಡೇ ತಿರಗತೀನಿ.

ಈ ಆಟ ಮಾಡಿದ ಪುಣ್ಯಾತ್ಮ
ಖಾಲಿ ಊರಿನ ಚಿತ್ರ ಬರಸಲಕ್ಕ ಎಷ್ಟು ಖರ್ಚು ಮಾಡ್ಯಾನೋ.
ಮೇ ತಿಂಗಳ ಎರಡೂವರಿಗೆ ಸೂಪರ್ ಮಾರ್ಕೆಟಿಗೆ ಬಂದಿದ್ರ
ಪುಕ್ಕಟ ಸಿಗತಿತ್ತು.
ಜಗತ್ ಸರ್ಕಲ್‌ದಾಗ ಸಿಗ್ನಲ್ ಹಸಿರಾಗ್ತದ,
ದಾಟೂದು ಒಂದು ಹಂದಿ, ಹಿಂದ ಆರು ಮರಿ.
ದಾಲ್ ಮಿಲ್ಲಿನ ಗ್ವಾಡಿಗೆ ತೊಗರಿ ಹೊಟ್ಟಿನ ಮ್ಯಾಲ
ಬೆಕ್ಕು ಉದ್ದಕ್ಕ ಬಿದ್ದದ, ಮಾಲಕನಂಗ.
ಕ್ವಾಟಿ ಖಂದಕದಾಗ ಎಮ್ಮಿ,
ಮೂಗು ಬಿಟ್ಟು ಎಲ್ಲಾ ನೀರಿನ್ಯಾಗ.

ಸಾಯೂದಂತೂ ಗ್ಯಾರಂಟಿ ಆ ಆಟದಾಗ.
ಮುಪ್ಪು ಬರೂದ್ರಾಗ ಜೋಡಿ ಹುಡುಕಿ ಮರಿ ಹಾಕಬೇಕು.
ಆಮ್ಯಾಲ ನೀ ಸತ್ತರೂ ನಿನ್ನ ಮರಿ ನೀನೇ.
ಮರಿ ಇಲ್ಲಂದ್ರ ಖಲಾಸ್.
ಏಳು ತಲಿ ದಾಟಿಸೀನಿ ನಾ. ಎಂಟನೇದಕ್ಕ ಜೋಡಿ ಸಿಗಲಿಲ್ಲ.
ನಾಲ್ಕು ಓಣಿ ತಿರಗೀದೆ. ಊಟ ಆರಿ ಹೋತು.
"ಒಂದರ ಬರ್ಲೆವ್ವಾ" ಅಂತ ಟೀವಿಗೆ ಬೇಡಕೊಂಡೆ
ನಾ,
ಹನ್ನೊಂದು ವರ್ಷದಾಗ, ರಜಿಸ್ಟರ್ ಪ್ರಕಾರ,
ಒಂಬತ್ತು ಸಾವಿರದ ಚಿಲ್ಲರಿ ವಂಶ ನಿಲ್ಲಿಸಿದಾವ.
ಪರದಿ ಕಪ್ಪಾತು.

ಮರುದಿನ ಏನೂ ಬದಲಾಗಲಿಲ್ಲ. ಬಲಿ ಬೀಸಿದೆ.
ನಾಯಿ ಕಡದ ಕೂಸಿನ ಕಾಲು ದವಾಖಾನ್ಯಾಗ ನಾನೂ ನೋಡೀನಿ,
ನನಗ ಯಾರೂ ಹೇಳಬ್ಯಾಡ್ರಿ.

ಆದ್ರ ಅಪ್ಪನ ಕೆರಿ ದಂಡ್ಯಾಗ
ಗಾಡಿ ನೆರಳಿಗೆ ಒಂದು ಬಂದು ಕುಂತಿತ್ತು.
ಎಡಗಿವಿ ತುದಿ ಇಲ್ಲ. ನಮ್ಮದೇ ಕತ್ತರಿ.
ಲೆಕ್ಕ ಮುಗದದ್ದು, ಅದಕ್ಕ ಬಲಿ ಹಾಕಂಗಿಲ್ಲ,
ಅದೂ ಅದಕ್ಕ ಗೊತ್ತದ.
ಬೊಗಳಲಿಲ್ಲ, ಬಾಲ ಅಲ್ಲಾಡಸಲಿಲ್ಲ. ನೋಡ್ತು.
ನಾ ಅದರ ತಲಿ ಮ್ಯಾಲ ನೋಡ್ದೆ.
ಅಲ್ಲಿ ಬರೇ ಬಿಸಲು.
"ಏನ್ ಹುಡುಕಲತ್ತೀ ಅಲ್ಲಿ?" ಅಂದ ಮೈನೋದ್ದೀನ.
ಏನಿಲ್ಲೋ ಅಂದೆ.
ಅಂವ ಗಾಡಿ ಚಾಲೂ ಮಾಡ್ದ. ನೆರಳು ಸರೀತು.
ನಾಯಿ ಎದ್ದು, ಮೈ ಜಾಡಿಸಿ,
ಹತ್ತಿರದ ಕಂಬಕ್ಕ ಕಾಲೆತ್ತಿತು.