ಟನ್ನಿಗೆ ಮೂರು ಗ್ರಾಂ

ಹಟ್ಟಿಯಲ್ಲಿ ಮಕ್ಕಳಿಗೂ ಗೊತ್ತು ಈ ಲೆಕ್ಕ:
ಒಂದು ಟನ್ ಕಲ್ಲು ಅರೆದರೆ ಮೂರು ಗ್ರಾಂ ಬಂಗಾರ.
ಆದೆಪ್ಪ ಮೂವತ್ತೊಂದು ವರ್ಷ ಆ ಮೂರು ಗ್ರಾಮನ್ನು
ಗಾಜಿನ ಪೆಟ್ಟಿಗೆಯ ತಕ್ಕಡಿಯಲ್ಲಿ
ಉಸಿರು ಬಿಗಿಹಿಡಿದು ತೂಗಿದವರು.
ಈಗ ನಿವೃತ್ತರು. ಹರಾಜಿನಲ್ಲಿ ಕೊಂಡ ಹಳೇ ತಕ್ಕಡಿ ಹೊತ್ತು
ಶನಿವಾರ ನಮ್ಮ ಶಾಲೆಯ ಪಡಸಾಲೆಗೆ ಬರುತ್ತಾರೆ,
ಅದೇ ಉಸಿರು ಬಿಗಿಹಿಡಿದು
ಕನಕಾಂಬರದ ಬೀಜ ತೂಗಲು.

ನಾವು ಆರು ಮಂದಿ. ಬೋರ್ಡಿಲ್ಲ, ರಸೀದಿ ಪುಸ್ತಕವಿಲ್ಲ.
ಟೇಲರ್ ಮೆಹರುನ್ನೀಸಾ ಉಳಿದ ಲಂಗದ ಬಟ್ಟೆಯಲ್ಲಿ
ಹೆಬ್ಬೆರಳಷ್ಟು ಚೀಲ ಹೊಲಿಯುತ್ತಾರೆ.
ಯಂಕೋಬ ನಳದ ನೀರು ಬಿಡುವವನು;
ಯಾವ ಓಣಿಗೆ ಯಾವತ್ತು ಅಂತ ಮೊದಲೇ ಹೇಳುತ್ತಾನೆ.
ಒಂಬತ್ತನೇ ಕ್ಲಾಸಿನ ಮೌನೇಶ ಗೋಡೆ ಹತ್ತುತ್ತಾನೆ.
ನಾನು ರಿಜಿಸ್ಟರ್ ಬರೆಯುವವಳು.

ಹಳೇ ಲೈನ್ ಮನೆ ಕೆಡವಲು ಗುರುತು ಹಾಕಿದ ವಾರ
ಕೆಂಪು ನಂಬರುಗಳ ಕೆಳಗೆ ಬಗ್ಗಿ ಬಗ್ಗಿ ನೋಡಿದೆವು.
ನೀಲಿ ಗೊರಟೆ ಎರಡು (ಕಿತ್ತು ನೆಟ್ಟೆವು, ಬದುಕಲಿಲ್ಲ),
ಎಣ್ಣೆ ಡಬ್ಬಿಯಲ್ಲಿ ಮರುಗ,
ಮತ್ತೆ ತಾಯಮ್ಮನ ಬಚ್ಚಲ ನೀರು ಹರಿಯುವಲ್ಲಿ
ಗಿಣ್ಣದ ಬಣ್ಣದ ಒಂದು ಕನಕಾಂಬರ.

ನರ್ಸರಿಯವರು ಮಾರುವುದು ಡೆಲ್ಲಿ ಕನಕಾಂಬರ:
ಹೂ ದೊಡ್ಡದು, ಬಣ್ಣ ಜೋರು, ಬೀಜ ಮಾತ್ರ ಕಟ್ಟದು.
ತಾಯಮ್ಮನದು ಚಿಕ್ಕ ಹೂ, ತೆನೆ ತುಂಬ ಬೀಜ.
"ಇದು ಅಪರೂಪದ್ದಮ್ಮಾ, ಊರಾಗ ಇದೊಂದ ಉಳದೈತಿ" ಎಂದೆ.
"ಅಪರೂಪ ಯಾಕಾಗ್ತೈತವ್ವ? ನಾ ದಿನಾ ಮುಡೀತೀನಲ್ಲ!"

ಒಣಗಿದ ಕಾಯಿಗೆ ಒಂದು ಹನಿ ತಾಕಿದರೆ ಸಾಕು:
ಚಟ್! ಬೀಜ ಆಚೆಮನೆ ಅಂಗಳಕ್ಕೆ.
ಮೊದಲ ವರ್ಷ ಒಣಹಾಕಿದ ಮೊರವನ್ನು
ಮಾಳಿಗೆಯ ಮೇಲೆ ಮರೆತವಳು ನಾನೇ.
ರಾಯಚೂರು ಸೀಮೆಯಲ್ಲಿ, ಮಾರ್ಚಿನಲ್ಲಿ,
ಮಳೆಯನ್ನು ಯಾರು ನೆನೆಯುತ್ತಾರೆ?
ರಾತ್ರಿ ಎರಡಕ್ಕೆ ನಾಲ್ಕು ಹನಿ. ನೆತ್ತಿಯ ಮೇಲೆ
ಚಟ್ ಚಟ್ ಚಟಚಟ.
ಇಲಿ ಎಂದುಕೊಂಡು ಮಗ್ಗಲು ಬದಲಿಸಿದೆ.

ಬೆಳಿಗ್ಗೆ ಮೊರದ ತುಂಬ ಬಾಯಿಬಿಟ್ಟ ಸಿಪ್ಪೆ.
ಆರೂ ಮಂದಿ ಮಂಡಿಯೂರಿ, ಬೆರಳು ಒದ್ದೆ ಮಾಡಿಕೊಂಡು
ಮಾಳಿಗೆಯ ಮಣ್ಣಿನಿಂದ ಎತ್ತಿದ್ದು ನೂರಾ ಹನ್ನೆರಡು.
ಯಾರೂ ನನ್ನನ್ನು ಬೈಯಲಿಲ್ಲ; ಬೈದಿದ್ದರೆ ಚೆನ್ನಾಗಿತ್ತು.
"ಟನ್ನಿನ ಲೆಕ್ಕದಾಗ ಇದು ಚಲೋ ಅದಿರು ಬಿಡ್ರಿ"
ಎಂದರು ಆದೆಪ್ಪ, ತಕ್ಕಡಿಯಿಂದ ಕಣ್ಣು ತೆಗೆಯದೆ.

ಐದು ಬೀಜ ಒಯ್ದವರು ಹತ್ತು ತಂದುಕೊಡಬೇಕು.
ತಂದವರು ನಾಲ್ವರು. ಗುರುಗುಂಟಾದವರೊಬ್ಬರು
ಆಡು ತಿಂತು ಎಂದರು. ಷರಾ ಕಾಲಮ್ಮಿನಲ್ಲಿ ಬರೆದೆ: ಆಡು.

ಈ ವರ್ಷ ತಾಯಮ್ಮ ಹೊಸ ಕ್ವಾರ್ಟರ್ಸಿನ ಎರಡನೇ ಮಹಡಿ,
ಗಿಡ ಪೇಂಟಿನ ಬಕೆಟ್ಟಿನಲ್ಲಿ.
"ಹೂ ಕೀಳಬ್ಯಾಡಮ್ಮಾ, ಬೀಜಕ್ಕ ಬಿಡು" ಎಂದೆವು.
ಎರಡು ಶನಿವಾರ ಮಾತಾಡಲಿಲ್ಲ ಆಕೆ.
ಮೂರನೆಯದಕ್ಕೆ ಪಡಸಾಲೆಗೇ ಬಂದು ನಿಂತಳು, ಮೊಳ ಹೂ ಮುಡಿದು.
"ನೀವು ಬರೂಕಿಂತ ಮದ್ಲ ಇದನ್ನ ಉಳಿಸಿದ್ದು ಯಾರು?
ಈ ತುರುಬು!
ಮುಡಿಯಾಕಂತ ನೀರು ಹಾಕೀನಿ.
ಮುಡೀಬ್ಯಾಡ ಅಂದ್ರ, ನೀರ್ಯಾಕ ಹಾಕ್ಲಿ?"

ಮೆಹರುನ್ನೀಸಾ ಸೂಜಿ ನಿಲ್ಲಿಸಿದರು.
ನನ್ನ ರಿಜಿಸ್ಟರಿನಲ್ಲಿ ಇದಕ್ಕೆ ಕಾಲಮ್ಮಿರಲಿಲ್ಲ.
ಆದೆಪ್ಪ ಕೈಚಾಚಿ ಒಂದೇ ಹೂ ಇಸಿದುಕೊಂಡು
ಗಾಜಿನ ಬಾಗಿಲು ಮುಚ್ಚಿ, ಮುಳ್ಳು ನಿಲ್ಲುವ ತನಕ ಕಾದು
"ಎಪ್ಪತ್ತು ಮಿಲಿಗ್ರಾಂ" ಎಂದರು,
"ಗ್ರಾಮಿಗೆ ಹದಿನಾಲ್ಕು ಹೂವ, ತಾಯಮ್ಮ."
"ಅದಕ್ಕ ಅಲ್ಲೇನ್ರಿ ತಲೀಗೆ ಭಾರ ಅನ್ಸಂಗಿಲ್ಲ?"

ಒಂದು ತೆನೆ ತುರುಬಿಗೆ, ಒಂದು ತೆನೆ ಚೀಲಕ್ಕೆ,
ಹಾಗೆಂದು ಒಪ್ಪಂದ.
ಚೀಲದ ತೆನೆಯಿಂದಲೂ ಎರಡೆರಡು ಹೂ
ಆಕೆ ಕದಿಯುತ್ತಾಳೆ; ಮೌನೇಶ ನೋಡಿದ್ದಾನೆ.
ನಾನು ಬರೆದುಕೊಂಡಿಲ್ಲ.