ಹಳದಿ, ಎರಡು ಸಲ

ಮಿಡಿಗೇಶಿ ಬೆಟ್ಟದ ನೆತ್ತಿಗೆ ಇನ್ನೂ ಅರ್ಧ ದಾರಿ.
ಕೈಯಲ್ಲಿ ಎಣಿಕೆಯ ಹಾಳೆ, ಗೆರೆ ಎಳೆದ ಮನೆಗಳು:
ಹೆಸರು, ಎಷ್ಟು, ಏನು ಮಾಡುತ್ತಿತ್ತು.

ಮೊದಲು ಕೇಳಿಸಿದ್ದು.
ಕಾರೆಮೆಳೆಯೊಳಗೆ ಹೂಜಿ ಬಗ್ಗಿಸಿದಂತೆ
ನಾಲ್ಕು ಗುಳುಕು ದನಿ.
ಆಮೇಲೆ ಒಂದೇ ಗಳಿಗೆ ಬೂದು ಮೈ, ಹಳದಿ ಕೊರಳು,
ಅರಿಶಿನದ ಕೈಯನ್ನು ಯಾರೋ ಅಲ್ಲಿ ಒರೆಸಿದ ಹಾಗೆ.
ಪಿಕಳಾರ. ಬರೆದೆ: ಒಂದು.
ಶಾಯಿ ಒಣಗುವುದರೊಳಗೆ ಕೊಂಬೆ ಖಾಲಿ.

‘ಈ ಹಳದೀನ ಬರ್ಕೊಳಲ್ವ?’ ಅಂದರು ಮೂಡ್ಲಗಿರಿಯಪ್ಪ.
ಉಳಿ ಕೆಳಗಿಟ್ಟು ಹನ್ನೊಂದು ವರ್ಷವಾದರೂ
ಬಂಡೆ ಕಂಡರೆ ಗೆಣ್ಣಿನಲ್ಲಿ ತಟ್ಟಿ ಆಲಿಸುವವರು.
ಅವರ ಬೆರಳ ಕೆಳಗೆ ಕಲ್ಲುಹೂವು.
ಮಸಾಲೆಗೆ ಹುರಿಯುವ ಬೂದು ಜಾತಿಯಲ್ಲ, ಇದು
ತಪ್ಪಲೆಯ ತಳ ಹಿಡಿದ ಚಿತ್ರಾನ್ನದ ಹಾಗೆ
ಕಲ್ಲು ಕಚ್ಚಿ ಕೂತದ್ದು.

ಎಷ್ಟು ಎಂದು ಬರೆಯಲಿ?
ಒಳಗೆ ಇಬ್ಬರಂತೆ.
ಬೂಸಲು ಗೋಡೆ ಎಬ್ಬಿಸಿದೆ, ಪಾಚಿ ಒಲೆ ಹಚ್ಚಿದೆ,
ಖಾತೆ ಯಾರ ಹೆಸರಲ್ಲೋ.

ಪಕ್ಕದಲ್ಲೇ ಅವರ ತಾತ ಕೆತ್ತಿದ ‘ಮೂ’.
ತಾತನ ಹೆಸರೂ ಅದೇ, ಮೊದಲಕ್ಷರಕ್ಕೇ ಕೈ ಸೋತಿತ್ತೋ ಏನೋ.
ಎಪ್ಪತ್ತು ಮಳೆಗಾಲದಲ್ಲಿ ಹಳದಿ
ಕೊಂಬಿನ ಸುರುಳಿಯವರೆಗೆ ಬಂದು ನಿಂತಿದೆ.
‘ಪೂರ್ತಿ ಓದಕ್ಕೆ ಅದುಕ್ಕಿನ್ನೂ ಟೈಮೈತೆ ಬುಡಿ.’

ಹಾಳೆಯ ಅಂಚಿಗೆ ಗೀಚಿದೆ:
ಅದು ಹಾರುವುದು, ಇದು ಊರುವುದು.
ಓದಿ ಹೇಳಿದರೆ ಅವರು ನಕ್ಕುಬಿಟ್ಟರು.

‘ನಿಮ್ಮಕ್ಕಿ ಈ ಬೆಟ್ಟ ಬುಟ್ಟು ಎಲ್ಗೋದಾತು?
ಕಲ್ಲು, ಕಾರೆ, ತಿರ್ಗ ಕಲ್ಲು. ಬಯ್ಲು ದಾಟಾಕಿಲ್ಲ.
ಇದುನ್ನ ನೋಡಿ. ನಾನು ಸೀಳಿದ್ ಚಪ್ಡಿ ಬೆನ್ನತ್ತಿ
ಲಾರಿ ಏರ್ಕಂಡು ಶಿರಾ ಕಂಡೈತೆ, ಹಿಂದೂಪುರ ಕಂಡೈತೆ.
ಬಟ್ಟೆ ಒಗ್ಯೋ ಕಲ್ಲಾದವು ಸೋಪಿಗೆ ಸತ್ವು.
ಗೌರಿಬಿದನೂರ ದಾಳಿಂಬೆ ತ್ವಾಟದ ಬೇಲೀಲಿ
ಹೋದ್ವರ್ಸ ಒಂದು ಕಂಬ ನಿಂತಿತ್ತು. ಇದೇ ಹಳದಿ.
ನಾನು ಗುರುತು ಹಿಡುದೆ.’
ಸ್ವಲ್ಪ ತಡೆದು,
‘ಅದು ನನ್ನ ಹಿಡೀತೋ ಇಲ್ವೋ.’

ರೆಕ್ಕೆ ಇದ್ದದ್ದು ಮನೆಯಲ್ಲಿದೆ.
ಬೇರೂ ಇಲ್ಲದ್ದು ಲೋಕ ಸುತ್ತಿದೆ.
ಏನು ಮಾಡುತ್ತಿತ್ತು, ಈ ಮನೆಯಲ್ಲಿ
ಎರಡರ ಮುಂದೆಯೂ ಪೆನ್ನು ಊರಿ ಎತ್ತಿದೆ.

ಮೆಳೆಯಲ್ಲಿ ಮತ್ತೆ ಹೂಜಿ ಬಗ್ಗಿತು,
ಎರಡು ಗುಳುಕು.
ಮೂರನೆಯದಕ್ಕೆ ಮೊದಲೇ ಕೆಳಗೆ ಕ್ವಾರಿಯಲ್ಲಿ
ಮಧ್ಯಾಹ್ನದ ಸಿಡಿತ.

ದನಿ ನಿಂತಿತು.
ಮೂಡ್ಲಗಿರಿಯಪ್ಪನವರ ಅಂಗೈ
ಆ ಹಳದಿಯ ಮೇಲೆಯೇ ಇತ್ತು,
ಮಲಗಿದ ಕೂಸಿನ ಕಿವಿ ಮುಚ್ಚಿದಂತೆ.