ಅಂಚು

ಮೆಕ್ಯಾನಿಕಲ್ ಯಾಕೆ ಎಂದು ಕೇಳಿದವರಿಗೆಲ್ಲ
ಒಂದೊಂದು ಉತ್ತರ ಕೊಟ್ಟಿದ್ದೇನೆ.
ನಿಜ ಹೇಳಿದರೆ ನಗುತ್ತಾರೆ:
ಅವ್ವನ ಸೀರೆಗೆ ಸಿಕ್ಕಿ ಮನೆಗೆ ಬರುತ್ತಿದ್ದ
ಉಕ್ಕಿನ ಸುರುಳಿ,
ಕಾದು ತಣಿದ ನೀಲಿ, ನಡುವೆ ಚಿನ್ನದ ಗೆರೆ,
ಹಿಡಿದರೆ ಬೆರಳು ಕೊಯ್ಯುವಂಥದು.
ಲಾಂಡೆವಾಡಿಯ ತಗಡಿನ ಕೋಣೆಯಲ್ಲಿ
ನನಗದು ಗೊಂಬೆ.

ಭೋಸರಿಯ ಜಾಬ್‌ವರ್ಕ್ ಶೆಡ್ಡಿನಲ್ಲಿ
ಅವ್ವ ಬುಶ್ಶುಗಳ ಅಂಚು ತೀಡುತ್ತಾಳೆ.
ಇಲ್ಲಿಯವರು ಕಾನಸ್ ಎನ್ನುವುದನ್ನು
ಹತ್ತೊಂಬತ್ತು ವರ್ಷವಾದರೂ ಅರ ಎಂದೇ ಅನ್ನುತ್ತಾಳೆ.
ಲೇಥು ಬಿಟ್ಟುಹೋದ ಮುಳ್ಳು
ಉಗುರಿಗೆ ತಾಗಬಾರದು, ಅಷ್ಟೇ ಅವಳ ಶಾಸ್ತ್ರ.
ನೂರು ಬುಶ್ಶಿಗೆ ಇಷ್ಟು ಅಂತ ಕೂಲಿ.

‘ಕಂಪ್ಯೂಟರ್ ತಗೋ, ಫ್ಯಾನಿನ ಕೆಳಗ ಕುಂದರತಿ.’
ನಾನು ಫಾರ್ಮಿನಲ್ಲಿ ಬೇರೆಯದನ್ನೇ ಬರೆದೆ.
ಮೂರು ದಿನ ಮಾತಿಲ್ಲ.
ನಾಲ್ಕನೆಯ ದಿನ ಒಂದು ಡ್ರಾಫ್ಟರ್ ತಂದಳು,
ಯಾರೋ ಬಳಸಿ ಬಿಟ್ಟದ್ದು, ಒಂದು ಸ್ಕ್ರೂ ಇಲ್ಲ.
ಆ ಸ್ಕ್ರೂ ಹುಡುಕುತ್ತ ಕುದಳವಾಡಿಯ ಗುಜರಿಯೆಲ್ಲ ತಿರುಗಿದ್ದು
ನನ್ನ ಮೊದಲ ಸೆಮಿಸ್ಟರ್.

ಡಿಪ್ಲೊಮಾ ಮುಗಿಯಿತು. ಆಮೇಲೆ ಗೇಟುಗಳು.
ಏಪ್ರಿಲ್ಲಿನ ಬಿಸಿಲು, ಪ್ಲಾಸ್ಟಿಕ್ ಫೈಲು,
ಒಂದು ಗೇಟಿನಿಂದ ಇನ್ನೊಂದಕ್ಕೆ.
ಅನುಭವ ಇಲ್ಲವೆಂದರು. ಅನುಭವ ಕೊಡಿ ಎಂದರೆ ನಕ್ಕರು.
ಒಬ್ಬ ಮ್ಯಾನೇಜರು ಮಾತ್ರ ಪಾಪ, ನಿಜವನ್ನೇ ಹೇಳಿದ:
‘ಹುಡುಗಿಯರಿಗೆ ಟಾಯ್ಲೆಟ್ ಕಟ್ಟಿಲ್ಲ ಬಾಯಿ.’
ನಲವತ್ತೊಂದನೆಯದೋ ನಲವತ್ತೆರಡನೆಯದೋ ಗೇಟಿನಲ್ಲಿ
ನನ್ನ ಹೆಸರು ನೋಡಿ ಕಾವಲುಗಾರ ತಲೆಯೆತ್ತಿದ.
‘ನೀಲಗಂಗಾ? ಯಾವೂರವ್ವಾ ನಿಮ್ದು?’
ಆತ ಚಡಚಣದವ, ಸಿದ್ರಾಮಕಾಕಾ.
‘ನಾಳಿ ಹನ್ನೊಂದರ ಮ್ಯಾಗ ಬಾ,
ಗಾವಡೆ ಸಾಹೇಬ್ರದು ಚಾ ಆಗಿರತೈತಿ.’

ಗಾವಡೆ ಸಾಹೇಬರು ಸರ್ಟಿಫಿಕೇಟು ನೋಡಲಿಲ್ಲ.
ಒಂದು ಪಿನ್ನು, ಒಂದು ವರ್ನಿಯರ್ ಮುಂದಿಟ್ಟರು:
‘ಅಳೆ.’
ಅಳೆದೆ. ಬಾಯಿ ತೆರೆಯುವ ಮೊದಲು ಯಾಕೋ
ಪಿನ್ನು ತೆಗೆದು ಖಾಲಿ ದವಡೆ ಮುಚ್ಚಿ ನೋಡಿದೆ.
ಸೊನ್ನೆಯ ಮೇಲೆ ಸೊನ್ನೆ ಕೂಡಲಿಲ್ಲ.
‘ಸರ್, ಇದು ಏನನ್ನೂ ಹಿಡಿಯದಿದ್ದಾಗಲೂ
ನಾಲ್ಕು ನೂರರಷ್ಟು ಹೆಚ್ಚು ಹೇಳುತ್ತದೆ.’
ಅವರು ಕನ್ನಡಕ ಹಣೆಗೇರಿಸಿದರು.
‘ಈ ವರ್ಷ ನೀನು ಏಳನೆಯವಳು. ಉಳಿದ ಆರೂ ಮಂದಿ
ಪಿನ್ನನ್ನೇ ಬೈದರು.’

ಹನ್ನೆರಡೂವರೆ ಸಾವಿರ, ಕ್ವಾಲಿಟಿ ವಿಭಾಗ,
ಬಲಗೈ ಬದಿ ಹಸಿರು ಟ್ರೇ, ಎಡಗೈ ಬದಿ ಕೆಂಪು.
ಟಾಯ್ಲೆಟ್ಟಿಗೆ ಪಕ್ಕದ ಕಂಪನಿಗೆ ಹೋಗಬೇಕು.

ಮೂರನೆಯ ವಾರ ಒಂದು ಪೆಟ್ಟಿಗೆ ಬಂತು.
ಚೀಟಿಯ ಮೇಲೆ ಅವ್ವನ ಶೆಡ್ಡಿನ ಹೆಸರು.
ಇನ್ನೂರೈವತ್ತು ಬುಶ್ಶು; ಒಂದೊಂದರ ಅಂಚಿಗೂ
ಉಗುರು ಆಡಿಸಿದೆ, ಅವಳೇ ಕಲಿಸಿದ ಹಾಗೆ.
ಮೂವತ್ತಾರರಲ್ಲಿ ಮುಳ್ಳು.
ಕೈ ಒಂದು ಗಳಿಗೆ ನಿಂತದ್ದು ನಿಜ.
ಆ ಮೇಲೆ ಎಡಕ್ಕೆ ಹೋಯಿತು.

ರಾತ್ರಿ ರೊಟ್ಟಿ ಬಡಿಯುತ್ತ ಅವ್ವ ಶಪಿಸಿದಳು:
‘ಯಾವನೋ ಹೊಸಾ ಇನ್ಸ್‌ಪೆಕ್ಟರ್ ಬಂದಾನಂತ,
ಅವನ ಕಣ್ಣಾಗ ಮಣ್ಣ ಬೀಳಲಿ. ಮೂವತ್ತಾರು ವಾಪಸ್!’
‘ಅವನಲ್ಲವ್ವ,’ ಅಂದೆ.
ಬಡಿಯುವ ಸದ್ದು ನಿಂತಿತು.
ತವೆಯ ಮೇಲಿನ ರೊಟ್ಟಿ ಕರಕಾಗುವ ತನಕ ಇಬ್ಬರೂ ಸುಮ್ಮನಿದ್ದೆವು.
‘ನಿಜವಾಗ್ಲೂ ಮುಳ್ಳಿತ್ತೇನ?’
‘ಇತ್ತು.’
‘ಕಾಣವಲ್ವು ಇತ್ತೀಚಿಗೆ,’ ಅಂದಳು,
ಒಲೆಗೆ ಹೇಳಿದ ಹಾಗೆ.
‘ಉಗುರೂ ಸವದಾವ.’

ಗುರುವಾರ ಭೋಸರಿಗೆಲ್ಲ ರಜೆ.
ಬಸ್ಸು ಹತ್ತಿ ಪಿಂಪ್ರಿಗೆ ಹೋದೆವು. ಕನ್ನಡಕದಂಗಡಿಯವ
ಗಾಜಿನ ಮೇಲೆ ಗಾಜು ತೂರಿಸುತ್ತ ಕೇಳುತ್ತಿದ್ದ:
ಈಗ? ಈಗ? ಇದರಲ್ಲಿ?
ಎದುರಿನ ಹಲಗೆಯ ಅಕ್ಷರ ಅವ್ವನಿಗೆ ಓದಲು ಬಾರದು.
ನನ್ನ ಕೊರಳ ಕಾರ್ಡನ್ನೇ ಎಳೆದು ಹಿಡಿದಳು,
ಫೋಟೋ ನೋಡಿದಳು, ತಿರುಗಿಸಿದಳು,
ಅಂಚಿನ ಸುತ್ತ ನಿಧಾನವಾಗಿ ಹೆಬ್ಬೆರಳು ಒಯ್ದು
ಒಂದು ಮೂಲೆಯಲ್ಲಿ ನಿಲ್ಲಿಸಿದಳು:
‘ಇದನ್ಯಾರ ಪಾಸ್ ಮಾಡ್ಯಾರ?’